ಎಡಗಡೆಯ ತಗಡು

ನಮ್ಮ ಊರಿನಲ್ಲಿ ಬೀಗವಿರುವ ಬಾಗಿಲುಗಳು ಮುನ್ನೂರಾ ಇಪ್ಪತ್ತು. ಚಾವಿ ಕತ್ತರಿಸುವ ಯಂತ್ರ ಒಂದು. ಅದು ಪೇಟೆಯ ಗಡಿಯಾರದ ಕಂಬದ ಎದುರಿಗೆ ನನ್ನ ಅಂಗಡಿಯಲ್ಲಿದೆ. ಇಪ್ಪತ್ತಾರು ವರ್ಷ ಅದರ ಪಕ್ಕದಲ್ಲಿ ಕೂತಿದ್ದೇನೆ. ಮೊದಲ ಇಪ್ಪತ್ತೆರಡು ವರ್ಷ ಮೌಲಾಲಿ ಸಾಹೇಬರ ಕೈಕೆಳಗೆ, ಆಮೇಲೆ ಒಬ್ಬನೇ. ಒಬ್ಬನೇ ಕೂತ ಮೇಲೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ತಾರೀಖುಗಳನ್ನೆಲ್ಲ ನನ್ನ ವಹಿಯಿಂದ ತೆಗೆದುಕೊಂಡಿದ್ದೇನೆ, ನೆನಪಿನಿಂದಲ್ಲ.

ನಮ್ಮ ಊರಿನ ಗಾಳಿ ಚಾವಿಗಳನ್ನು ತಿನ್ನುತ್ತದೆ. ಕೊಡ, ತಂಬಿಗೆ, ಗುಡಿಯ ಗಂಟೆ ಇವಕ್ಕೆ ಏನೂ ಆಗುವುದಿಲ್ಲ. ಅದೇ ಹಿತ್ತಾಳೆಯನ್ನು ಚಾವಿಯ ಆಕಾರಕ್ಕೆ ತಂದ ದಿನದಿಂದ ಅದು ಸವೆಯತೊಡಗುತ್ತದೆ. ಉಕ್ಕಿನ ಚಾವಿ ಮೂರು ತಿಂಗಳು ಬಾಳುತ್ತದೆ, ಹಿತ್ತಾಳೆಯದು ಹದಿನಾಲ್ಕು. ಹದಿನೈದನೆಯ ತಿಂಗಳಲ್ಲಿ ಎಲೆಯಷ್ಟು ತೆಳುವಾಗಿ ಬೀಗದೊಳಗೇ ಮುರಿಯುತ್ತದೆ. ಎಣ್ಣೆಯಲ್ಲಿ ಅದ್ದಿಟ್ಟು ನೋಡಿದವರಿದ್ದಾರೆ. ಎಣ್ಣೆ ಉಳಿಯಿತು. ಆದ್ದರಿಂದ ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಚಾವಿ ತಂದು, ಅದನ್ನು ನೋಡಿ ಹೊಸದನ್ನು ಕತ್ತರಿಸಿಕೊಂಡು, ಹಳೆಯದನ್ನು ನನ್ನ ಡಬ್ಬಿಗೆ ಹಾಕಿ ಹೋಗುತ್ತಾರೆ. ಡಬ್ಬಿಯಲ್ಲಿದ್ದದ್ದೆಲ್ಲ ಶನಿವಾರ ಎರಕದ ರುದ್ರಾಚಾರಿಯ ಮನೆಗೆ ಹೋಗಿ, ಕರಗಿ, ಹಲ್ಲಿಲ್ಲದ ಖಾಲಿ ಚಾವಿಗಳಾಗಿ ಸೋಮವಾರ ಹಿಂತಿರುಗುತ್ತದೆ. ಅವಕ್ಕೆ ಬ್ಲ್ಯಾಂಕು ಎನ್ನುತ್ತೇವೆ. ಮೈಮುರಿದು ದುಡಿದರೆ ರುದ್ರಾಚಾರಿ ವಾರಕ್ಕೆ ನಲವತ್ತು ಬ್ಲ್ಯಾಂಕು ಎರೆಯಬಲ್ಲ. ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ಬಾಗಿಲು ಮುರಿಯುವ ಯೋಚನೆ ಹೊರಗಿನವರಿಗೆ ಮಾತ್ರ ಬರುತ್ತದೆ. ಹಾಕಿದ ಬಾಗಿಲಿಗೆ ಚಾವಿ ತಿರುಗದಿದ್ದರೆ ಅದರ ಹಿಂದೆ ಮನೆ ಇರುವುದಿಲ್ಲ. ನಾನು ಹನ್ನೆರಡು ವರ್ಷದವನಿದ್ದಾಗ ಕುಂಬಾರ ಓಣಿಯಲ್ಲಿ ಪುರಸಭೆಯವರು ಒಂದು ಬಾಗಿಲನ್ನು ಹಾರೆಯಿಂದ ಎಬ್ಬಿಸಿದರು. ಆಚೆಗೆ ಹುಲ್ಲು ಬೆಳೆದ ಖಾಲಿ ಜಾಗ, ಒಂದು ಕಟ್ಟಿದ ಎಮ್ಮೆ, ಅದರಾಚೆ ಹಿಂದಿನ ಓಣಿ. ಕಿಟಕಿಯಿಂದ ಇಣುಕಿದರೂ ಕಾಣುವುದು ಅಷ್ಟೇ. ಬೀಗದ ತೂತು ಮಾತ್ರ ಮನೆಯದಾಗಿ ಉಳಿಯುತ್ತದೆ. ಅದಕ್ಕೆ ಕಿವಿಗೊಟ್ಟರೆ ಒಳಗಿನ ಸದ್ದು ಕೇಳುತ್ತದೆ.

ಯಂತ್ರ ಸರಳವಾದದ್ದು. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುವ ಒಂದು ಕಬ್ಬಿಣದ ಗಾಡಿ. ಅದರ ಮೇಲೆ ಚಾವಿಯನ್ನು ಕಚ್ಚಿ ಹಿಡಿಯುವ ಎರಡು ವೈಸು. ಎಡಗಡೆಯದರಲ್ಲಿ ಹಳೆಯ ಚಾವಿಯನ್ನು ಬಿಗಿಯಬೇಕು, ಬಲಗಡೆಯದರಲ್ಲಿ ಬ್ಲ್ಯಾಂಕನ್ನು. ಹಳೆಯ ಚಾವಿಯ ಎದುರಿಗೆ ಅಲುಗಾಡದ ಒಂದು ಉಕ್ಕಿನ ಮುಳ್ಳು ಇದೆ, ಬ್ಲ್ಯಾಂಕಿನ ಎದುರಿಗೆ ತಿರುಗುವ ಚಕ್ರ. ಗಾಡಿಯನ್ನು ಮುಂದಕ್ಕೆ ಒತ್ತಿ ಪಕ್ಕಕ್ಕೆ ಸರಿಸುತ್ತ ಹೋದರೆ ಮುಳ್ಳು ಹಳೆಯ ಹಲ್ಲುಗಳನ್ನು ಹತ್ತಿ ಇಳಿಯುತ್ತದೆ. ಅದು ಇಳಿದಷ್ಟೇ ಚಕ್ರ ಬ್ಲ್ಯಾಂಕಿನೊಳಗೆ ಇಳಿಯುತ್ತದೆ. ಹಿತ್ತಾಳೆಯ ಪುಡಿ ವೈಸಿನ ತಳದಲ್ಲಿ ಕೂರದಂತೆ ಹಳೆಯ ಹಲ್ಲುಬ್ರಷ್ಷಿನಿಂದ ತೆಗೆಯುತ್ತಿರಬೇಕು. ಕೂತರೆ ಚಾವಿ ಮೇಲೆದ್ದು ಅಳತೆ ತಪ್ಪುತ್ತದೆ. ಗಾಡಿ ಜಾರುವ ಸರಳಿಗೆ ದಿನಕ್ಕೆ ಒಂದು ಹನಿ ಎಣ್ಣೆ ಹಾಕಬೇಕು, ಬೆಲ್ಟಿಗೆ ಒಂದು ಹನಿಯೂ ತಾಗಬಾರದು. ಚಕ್ರ ಮೊಂಡಾದರೆ ಕಿರುಚುತ್ತದೆ, ಆಗ ಬದಲಿಸಬೇಕು. ಬದಲಿಸಿದ ಮೇಲೆ ಪರೀಕ್ಷೆ ಮಾಡಬೇಕು. ಎರಡೂ ವೈಸಿಗೆ ಒಂದೇ ಅಳತೆಯ ಎರಡು ಬ್ಲ್ಯಾಂಕು ಕಟ್ಟಿ, ಮೋಟಾರು ಹಾಕದೆ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ, ಎಡಗಡೆ ಮುಳ್ಳು ತಾಗಿದ ಕ್ಷಣದಲ್ಲೇ ಬಲಗಡೆ ಚಕ್ರ ಒಂದು ಗೆರೆ ಎಳೆಯಬೇಕು. ಗೆರೆ ಕಣ್ಣಿಗೆ ಕಾಣಬೇಕು, ಉಗುರಿಗೆ ಸಿಗಬಾರದು.

ಮೌಲಾಲಿ ಸಾಹೇಬರಿಗೆ ಎರಡು ಹಟಗಳಿದ್ದವು. ಒಂದು, ಪ್ರತಿ ಬಾಗಿಲಿಗೂ ಒಂದು ವಾಯಿದೆಯ ದಿನ. ಆ ದಿನವೇ ಬರಬೇಕು. ಒಂದು ದಿನ ತಡವಾದರೆ ಬೈಗುಳ, ಒಂದು ದಿನ ಮೊದಲು ಬಂದರೂ ಬೈಗುಳ. ಜ್ವರ ಬಂದವರನ್ನು ಹೊತ್ತು ತಂದ ಉದಾಹರಣೆಗಳಿವೆ. ಎರಡನೆಯದು, ಯಂತ್ರದ ಎಡ ವೈಸನ್ನು ಅವರೇ ಸ್ವಚ್ಛ ಮಾಡುತ್ತಿದ್ದರು. ಮೊದಲ ದಿನವೇ ನನಗೆ ಹೇಳಿದ್ದರು, "ಎಡಗಡಿದು ನಾ ನೋಡ್ಕೋತೀನಿ. ನಿಂದೇನಿದ್ರೂ ಬಲಗಡಿ." ಏಕೆ ಎಂದು ನಾನು ಇಪ್ಪತ್ತೆರಡು ವರ್ಷದಲ್ಲಿ ಕೇಳಲಿಲ್ಲ. ಪ್ರತಿ ಮುದುಕನಿಗೂ ಒಂದು ಲೋಟ, ಒಂದು ಮಣೆ ತನ್ನದೇ ಎಂದು ಇರುತ್ತದಲ್ಲ, ಹಾಗೆ ಎಂದುಕೊಂಡಿದ್ದೆ.

ಅವರು ತೀರಿಕೊಂಡ ಮರುವಾರ ಯಂತ್ರವನ್ನು ಪೂರ್ತಿ ಬಿಚ್ಚಿದೆ. ಗುರುವಿಗೆ ಸಲ್ಲಿಸುವ ಮರ್ಯಾದೆ ಎಂಬ ಭಾವನೆ ಇತ್ತು. ಎರಡು ದಿನ ಹಿಡಿಯಿತು. ಎಡ ವೈಸಿನ ತಳದಲ್ಲಿ, ಹಳೆಯ ಚಾವಿ ಕೂರುವ ಜಾಗದಲ್ಲಿ, ಎಣ್ಣೆ ಕುಡಿದು ಕಪ್ಪಾದ ಒಂದು ತಗಡಿನ ಚೂರು ಸಿಕ್ಕಿತು. ಬೆರಳಗಲ, ಕಾಗದದಷ್ಟು ತೆಳು. ಅದು ಇದ್ದಂತೆಯೇ ಒಮ್ಮೆ ಪರೀಕ್ಷೆ ಮಾಡಿದೆ. ಚಕ್ರ ಬ್ಲ್ಯಾಂಕನ್ನು ಮುಟ್ಟಲಿಲ್ಲ. ತೆಗೆದು ಮಾಡಿದೆ. ಕಣ್ಣಿಗೆ ಕಾಣುವ, ಉಗುರಿಗೆ ಸಿಗದ ಗೆರೆ ಬಿತ್ತು. ಅಂದರೆ ಇಷ್ಟು ಕಾಲ ಯಂತ್ರ ತಪ್ಪಾಗಿತ್ತು, ಕೊನೆಗಾಲದಲ್ಲಿ ಸಾಹೇಬರ ಕಣ್ಣು ಮಂದವಾಗಿತ್ತು, ನಾನು ಅದನ್ನು ಸರಿಮಾಡಿದೆ. ಇದು ನನ್ನ ತೀರ್ಮಾನ. ತಗಡನ್ನು ಡಬ್ಬಿಗೆ ಹಾಕಿದೆ. ಶನಿವಾರ ಅದು ರುದ್ರಾಚಾರಿಯ ಮನೆಗೆ ಹೋಯಿತು. ಯಾರದೋ ಚಾವಿಯಾಗಿ ಊರಿನಲ್ಲಿ ಓಡಾಡಿರಬೇಕು.

ಬೈಗುಳವನ್ನೂ ನಿಲ್ಲಿಸಿದೆ. ವಾಯಿದೆ ಮೀರಿದರೂ ಚಾವಿ ಮುರಿಯುವ ಮುಂಚೆ ಬಂದರೆ ಸಾಕು ಎಂದೆ. ಜನರಿಗೆ ಸಂತೋಷವಾಯಿತು. ಹೊಸ ಚಾವಿಗಳು ಹಳೆಯವನ್ನು ತದ್ವತ್ತಾಗಿ ಹೋಲುತ್ತಿದ್ದವು. ಎರಡನ್ನೂ ಒಂದರ ಮೇಲೊಂದು ಹಿಡಿದು ಬೆಳಕಿಗೆ ತೋರಿಸಿದರೆ ಹಲ್ಲುಗಳ ಅಂಚು ಒಂದೇ ಗೆರೆಯಾಗಿ ಕಾಣುತ್ತಿತ್ತು. ನನಗೆ ಅದರ ಹೆಮ್ಮೆ ಇತ್ತು. ಮೂರನೆಯ ವರ್ಷ ಒಬ್ಬಿಬ್ಬರು ಚಾವಿ ಸ್ವಲ್ಪ ಬಿಗಿ, ಎರಡು ಸಲ ಅಲುಗಾಡಿಸಬೇಕು ಎಂದರು. ಬೀಗಕ್ಕೆ ಎಣ್ಣೆ ಬಿಡಿ ಎಂದು ಹೇಳಿ ಕಳಿಸಿದೆ.

ನೀಲವ್ವ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ಗಂಡ ಫಕೀರಪ್ಪ ಪೇಟೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು. ಆರು ವರ್ಷದ ಹಿಂದೆ ಏಣಿಯಿಂದ ಬಿದ್ದು ತಲೆಗೆ ಏಟಾಯಿತು. ಆಮೇಲೆ ಅವನ ಮೈ ಗಟ್ಟಿಯಾಗಿಯೇ ಇತ್ತು, ದಾರಿ ಮಾತ್ರ ತಪ್ಪುತ್ತಿತ್ತು. ಬಾಗಿಲು ತೆರೆದಿದ್ದರೆ ನಡೆಯಲು ಶುರುಮಾಡುವನು. ಒಮ್ಮೆ ಎರಡು ಹರದಾರಿ ಆಚೆ ಕೆರೆಯ ಏರಿಯ ಮೇಲೆ ಸಿಕ್ಕ. ಎಲ್ಲಿಗೆ ಹೊರಟಿದ್ದೀ ಎಂದರೆ ಗಡಿಯಾರ ನಿಂತೀತು ಎಂದನಂತೆ. ಅಂದಿನಿಂದ ನೀಲವ್ವ ಕೆಲಸಕ್ಕೆ ಹೋಗುವಾಗ ಬೆಳಿಗ್ಗೆ ಒಂಬತ್ತಕ್ಕೆ ಹೊರಗಿನಿಂದ ಬೀಗ ಹಾಕುತ್ತಿದ್ದಳು, ಎರಡಕ್ಕೆ ಬಂದು ತೆಗೆಯುತ್ತಿದ್ದಳು. ಮನೆ ಒಂದೇ ಕೋಣೆ, ಹನ್ನೊಂದು ಅಡಿ ಉದ್ದ. ಆಮೇಲೆ ನಾನೇ ಟೇಪು ಹಿಡಿದು ಅಳೆದಿದ್ದೇನೆ. ಸಾಹೇಬರ ಕಾಲದಲ್ಲಿ ವಾಯಿದೆಯ ದಿನ ಗಂಡನ ಕೈ ಹಿಡಿದುಕೊಂಡೇ ಅಂಗಡಿಗೆ ಬರುತ್ತಿದ್ದಳು. ಆ ಕಷ್ಟ ನೋಡಿ ನಾನು, ಅನುಕೂಲವಾದಾಗ ಬಾ ಎಂದೆ. ವಹಿಯ ಪ್ರಕಾರ ಆಕೆ ಮೂರು ಸಲ ಬಂದಿದ್ದಾಳೆ: ಹದಿಮೂರನೆಯ ತಿಂಗಳಿಗೆ, ಹದಿನಾಲ್ಕನೆಯ ತಿಂಗಳಿಗೆ, ಮತ್ತೆ ಹದಿಮೂರನೆಯ ತಿಂಗಳಿಗೆ.

ಮೂರನೆಯ ಸಲ ಕತ್ತರಿಸಿಕೊಂಡು ಹೋದ ಎರಡು ತಿಂಗಳಿಗೆ, ಒಂದು ಬುಧವಾರ ಎರಡೂ ಇಪ್ಪತ್ತಕ್ಕೆ, ಆಕೆ ಅಂಗಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಚಾವಿ ಇತ್ತು. ಓಡಿ ಬಂದಿರಲಿಲ್ಲ. ಓಡಿದರೆ ಏನೋ ಆಗಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು ಎಂದು ಕಾಣುತ್ತದೆ.

"ಅಣ್ಣಾರ, ಚಾವಿ ತಿರಗವಲ್ದು," ಎಂದಳು. "ಅವ್ರು ಒಳಗದಾರ."

ಹೋಗಿ ನೋಡಿದೆ. ಚಾವಿ ಸಲೀಸಾಗಿ ಒಳಗೆ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ಕಿಟಕಿಯಿಂದ ಇಣುಕಿದೆ. ಹಿಂದಿನ ಓಣಿ ಕಂಡಿತು, ಅಲ್ಲಿ ಯಾರೋ ಸೀರೆ ಒಣಹಾಕುತ್ತಿದ್ದರು. ಬೀಗದ ತೂತಿಗೆ ಕಿವಿಯಿಟ್ಟೆ. ಒಳಗೆ ಫಕೀರಪ್ಪ ತನ್ನಷ್ಟಕ್ಕೆ ತಾನು ಗಂಟೆ ಎಣಿಸುತ್ತಿದ್ದ.

ಊಟದ ದಾರಿಯನ್ನು ನೀಲವ್ವನೇ ಕಂಡುಹಿಡಿದಳು. ಸೈಕಲ್ ಅಂಗಡಿಯಿಂದ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ ಮೂರು ಮೊಳ ತಂದು, ಬೀಗದ ತೂತಿನಲ್ಲಿ ತೂರಿಸಿ, ಹೊರಗಿನ ತುದಿಗೆ ಲಾಳಿಕೆ ಇಟ್ಟು ಗಂಜಿಯ ತಿಳಿ ಹೊಯ್ದಳು. ಬಾಯಿ ಹಚ್ಚು ಎಂದು ಒಳಗಿನವನಿಗೆ ತಿಳಿಸಿ ಹೇಳಲು ಸಂಜೆಯವರೆಗೆ ಹಿಡಿಯಿತು. ಆಮೇಲೆ ಅವನು ಕಲಿತ. ದಿನಕ್ಕೆ ನಾಲ್ಕು ಸಲ ಹಾಲು, ಗಂಜಿ, ಬೆಲ್ಲದ ನೀರು. ಶಾಲೆಯ ಕೆಲಸ ಬಿಟ್ಟಳು. ಹೊಸ್ತಿಲ ಹೊರಗೆ ಕಂಬಳಿ ಹಾಸಿಕೊಂಡು ಅಲ್ಲೇ ಇರತೊಡಗಿದಳು.

ನಾನು ಅಂಗಡಿಗೆ ಬಂದು ಯಂತ್ರವನ್ನು ಪರೀಕ್ಷಿಸಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾಲ್ಕು ಸಲ ಮಾಡಿದೆ. ನಾಲ್ಕನೆಯ ಸಲ ಹತ್ತಿರದಲ್ಲಿ ಬೇರೆ ಬ್ಲ್ಯಾಂಕು ಇರಲಿಲ್ಲವೆಂದು, ಅಂಗಡಿಯ ಗುರುತಿಗಾಗಿ ಬಾಗಿಲಿಗೆ ನೇತುಹಾಕಿದ್ದನ್ನು ಕಿತ್ತು ಬಲಗಡೆ ಕಟ್ಟಿದೆ. ಎಡಗಡೆ ಹೊಸದು. ಮುಳ್ಳು ತಾಗಿತು, ಚಕ್ರ ಮುಟ್ಟಲಿಲ್ಲ. ನೇತುಹಾಕಿದ್ದ ಬ್ಲ್ಯಾಂಕಿಗೆ ಒಂದು ವರ್ಷವಾಗಿತ್ತು. ಗಾಳಿ ಚಾವಿಯ ದಪ್ಪವನ್ನು ತಿನ್ನುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಎತ್ತರವನ್ನೂ ತಿನ್ನುತ್ತದೆ ಎಂದು ಯಾರೂ ಅಳೆದಿರಲಿಲ್ಲ. ಸಿಗರೇಟು ಪ್ಯಾಕಿನ ಬೇಗಡೆ ಕಾಗದವನ್ನು ಮಡಿಸಿ ಹಳೆಯ ಬ್ಲ್ಯಾಂಕಿನ ಕೆಳಗೆ ಇಡುತ್ತ ಹೋದೆ. ನಾಲ್ಕನೆಯ ಪದರಿಗೆ ಗೆರೆ ಬಿತ್ತು.

ಆಗ ತಗಡು ನೆನಪಾಯಿತು. ಅದರ ದಪ್ಪ ಒಂದು ವರ್ಷದ ಸವೆತದ ದಪ್ಪ. ಸವೆದ ಚಾವಿಯನ್ನು ಅಷ್ಟು ಎತ್ತರಿಸಿ ಹಿಡಿದರೆ ಹೊಸ ಚಾವಿ ಸವೆಯುವ ಮುಂಚಿನ ಎತ್ತರಕ್ಕೆ ಬರುತ್ತಿತ್ತು. ಅದಕ್ಕಾಗಿಯೇ ವಾಯಿದೆ, ಅದಕ್ಕಾಗಿಯೇ ಒಂದು ದಿನವೂ ಹಿಂದೆ ಮುಂದೆ ಆಗಬಾರದೆಂಬ ಹಟ. ನನ್ನ ಯಂತ್ರ ಎಡಗಡೆ ಕಂಡದ್ದನ್ನು ಬಲಗಡೆ ಹಾಗೆಯೇ ಕೊಡುತ್ತಿತ್ತು. ಸವೆತವನ್ನೂ ಕೊಡುತ್ತಿತ್ತು. ಮೂರು ವರ್ಷ, ಮುನ್ನೂರಾ ಇಪ್ಪತ್ತು ಬಾಗಿಲಿಗೂ.

ಮೊದಲು ನೀಲವ್ವನಿಗೆ ಹೇಳಿದೆ. ಆಕೆ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ತಗ್ಗಿಸಿದ ತಲೆ ಎತ್ತದೆ ಕೇಳಿದಳು.

"ಸ್ವಚ್ಛ ಮಾಡಿದ್ರಿ," ಎಂದಳು. "ಮತ್ತೇನೂ ಮಾಡಿಲ್ಲಲ್ಲ."

ಅದು ಪ್ರಶ್ನೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಇಲ್ಲ ಎಂದೆ.

ಮರುದಿನ ಊರಿಗೆ ಹೇಳಿದೆ. ಗಡಿಯಾರದ ಕಂಬದ ಕಟ್ಟೆಯ ಮೇಲೆ ನಿಂತು, ಏನಾಯಿತು, ಏನು ಮಾಡಬಹುದು ಎರಡನ್ನೂ ಹೇಳಿದೆ. ಉಳಿದವರ ಚಾವಿಗಳು ಬಿಗಿಯಾಗಿಯಾದರೂ ತಿರುಗುತ್ತಿದ್ದವು. ಎಡಗಡೆ ಮೂರು ವರ್ಷದ ದಪ್ಪ ಕೊಟ್ಟು ಮತ್ತೆ ಕತ್ತರಿಸಿದರೆ ಅವು ಉಳಿಯುತ್ತವೆ. ನೀಲವ್ವನದು ಹಾಗಲ್ಲ. ನಲವತ್ತು ತಿಂಗಳಿಗೂ ಮೀರಿದ ಸವೆತದಲ್ಲಿ ಅದರ ಹಲ್ಲುಗಳ ತುದಿ ಉರುಟಾಗಿ ಹೋಗಿತ್ತು. ಒಟ್ಟಿಗೆ ಎತ್ತರಿಸಿ ನೋಡಿದ್ದೆ, ಆಗಿರಲಿಲ್ಲ. ಪ್ರತಿ ಹಲ್ಲೂ ಬೇರೆ ಬೇರೆ ಕಳೆದುಕೊಂಡಿತ್ತು. ಐದು ಹಲ್ಲು, ಒಂದೊಂದಕ್ಕೆ ಐದು ಎತ್ತರದ ಸಾಧ್ಯತೆ. ಒಟ್ಟು ಮೂರು ಸಾವಿರದ ನೂರಾ ಇಪ್ಪತ್ತೈದು ಚಾವಿಗಳು. ಅವುಗಳಲ್ಲಿ ಒಂದು ಸರಿ. ಬ್ಲ್ಯಾಂಕು ವಾರಕ್ಕೆ ನಲವತ್ತು.

ಆಮೇಲೆ ಚುರಮುರಿ ಅಂಗಡಿಯ ಹುಲಿಗೆವ್ವ ಮುಂದೆ ಬಂದಳು. ಅರವತ್ತು ದಾಟಿದ ಹೆಂಗಸು, ಸಾಹೇಬರನ್ನೇ ಏಕವಚನದಲ್ಲಿ ಕರೆಯುತ್ತಿದ್ದವಳು.

"ಮಷಿನ್ ತೊಳ್ಯಾಕ ಹೋಗಿ ಊರ ತೊಳದ್ಬಿಟ್ಟಲ್ಲೋ ಮಾರಾಯಾ," ಎಂದಳು. ಕೆಲವರು ನಕ್ಕರು. ಆಕೆ ನಗಲಿಲ್ಲ. "ನನ್ನ ಹೆಸರು ಕಡೀಕ ಬರಿ. ನನ್ನ ಬಾಗ್ಲಾ ಮುಚ್ಚಿದ್ರ ಒಳಗ ಚುರಮುರಿ ಚೀಲ ಸಿಕ್ಕೋತಾವ. ಆಕೀದು ಮನಷ್ಯಾ ಅದಾನ."

ಹೀಗೆ ಹಂಚಿಕೆಯಾಯಿತು. ನಲವತ್ತರಲ್ಲಿ ಹನ್ನೆರಡು ಊರಿಗೆ, ಇಪ್ಪತ್ತೆಂಟು ನೀಲವ್ವನಿಗೆ. ಆಕೆಗೆ ದಿನಕ್ಕೆ ನಾಲ್ಕು. ಆ ಲೆಕ್ಕದಲ್ಲಿ ಊರಿನ ಚಾವಿಗಳು ಮುಗಿಯಲು ಇಪ್ಪತ್ತೇಳು ವಾರ. ನೀಲವ್ವನ ಸಾಧ್ಯತೆಗಳು ಮುಗಿಯಲು ಎರಡು ವರ್ಷ ಎರಡು ತಿಂಗಳು. ಇದನ್ನು ಆಕೆಗೆ ಹೇಳಿದಾಗ, ಮೊದಲನೆಯದೇ ಹತ್ತಬಹುದಲ್ಲ ಎಂದಳು. ಹತ್ತಬಹುದು ಎಂದೆ. ಅದು ಸುಳ್ಳಲ್ಲ.

ಆ ಚಾವಿಗಳನ್ನು ಕತ್ತರಿಸುವುದು ಸಾಮಾನ್ಯ ಕೆಲಸವಲ್ಲ. ಪ್ರತಿ ಹಲ್ಲಿಗೂ ಗಾಡಿ ನಿಲ್ಲಿಸಿ, ವೈಸು ಬಿಚ್ಚಿ, ಬೇಗಡೆಯ ಪದರು ಬದಲಿಸಿ, ಮತ್ತೆ ಬಿಗಿಯಬೇಕು. ಒಂದು ಚಾವಿಗೆ ಐದು ಸಲ. ಪ್ರತಿಯೊಂದಕ್ಕೂ ನಂಬರು ಕೊಟ್ಟು ಐದು ಎತ್ತರಗಳನ್ನೂ ವಹಿಯಲ್ಲಿ ಬರೆದೆ. ಸಂಜೆ ಐದಕ್ಕೆ ನಾಲ್ಕನ್ನೂ ಒಯ್ಯುತ್ತಿದ್ದೆ. ನೀಲವ್ವ ಕೊಳವೆ ಹೊರಗೆಳೆದು, ತೂತಿನ ಸುತ್ತ ಸೆರಗಿನಿಂದ ಒರೆಸಿ, ಒಂದೊಂದಾಗಿ ತಾನೇ ಹಾಕಿ ನೋಡುತ್ತಿದ್ದಳು. ನನಗೆ ಕೊಡುತ್ತಿರಲಿಲ್ಲ. ತಿರುಗದ ಚಾವಿಯನ್ನು ನನ್ನ ಕೈಗೆ ಹಿಂತಿರುಗಿಸಿ ಮುಂದಿನದಕ್ಕೆ ಕೈ ಚಾಚುತ್ತಿದ್ದಳು. ನಾಲ್ಕೂ ಮುಗಿದ ಮೇಲೆ ಕೊಳವೆಯನ್ನು ಮತ್ತೆ ತೂರಿಸುತ್ತಿದ್ದಳು. ಎಲ್ಲ ಸೇರಿ ಹತ್ತು ನಿಮಿಷ.

ಫಕೀರಪ್ಪ ಮೊದಲ ವಾರಗಳಲ್ಲಿ ಚೆನ್ನಾಗಿ ಮಾತಾಡುತ್ತಿದ್ದ. ಟೈಮೆಷ್ಟು ಎಂದು ಕೇಳುತ್ತಿದ್ದ. ಈಗ ಗಡಿಯಾರಕ್ಕೆ ಯಾರು ಕೀಲಿ ಕೊಡುತ್ತಾರೆ, ಎಣ್ಣೆ ಹಾಕುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದ. ಊಟ ಏಕೆ ನೀರುನೀರಾಗಿದೆ ಎಂದು ದಿನಕ್ಕೊಮ್ಮೆಯಾದರೂ ಹೆಂಡತಿಯನ್ನು ಹಂಗಿಸುತ್ತಿದ್ದ. ಆಕೆ ತಿರುಗಿ, ಶಾಲೆಯ ಹುಡುಗರು ನಿಮ್ಮಷ್ಟು ಕೊಂಕು ತೆಗೆಯುವುದಿಲ್ಲ ಎನ್ನುತ್ತಿದ್ದಳು. ಬಾಗಿಲು ಏಕೆ ತೆರೆಯುತ್ತಿಲ್ಲ ಎಂದು ಮಾತ್ರ ಅವನು ಎಂದೂ ಕೇಳಲಿಲ್ಲ. ಅದು ನಮಗೆ ಆಗ ವಿಚಿತ್ರವೆನಿಸಲಿಲ್ಲ. ಕಾರಣ ಮೂವತ್ತೊಂದನೆಯ ದಿನ ಗೊತ್ತಾಯಿತು.

ಆ ಸಂಜೆ ನಾಲ್ಕನೆಯ ಚಾವಿಯೂ ತಿರುಗಲಿಲ್ಲ. ಆವರೆಗೆ ನೀಲವ್ವ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದು ಬಾಗಿಲಿಗೆ ಹಣೆಯೂರಿ ಕೂತಳು. ಸದ್ದೇನೂ ದೊಡ್ಡದಾಗಿರಲಿಲ್ಲ, ಆದರೆ ತೂತು ಆಕೆಯ ಬಾಯಿಯ ಹತ್ತಿರವೇ ಇತ್ತು. ಒಳಗಿನಿಂದ ಫಕೀರಪ್ಪನ ಧ್ವನಿ ಬಂತು. ಕೊಳವೆ ಇನ್ನೂ ಹಾಕಿರಲಿಲ್ಲವಾದ್ದರಿಂದ ಸ್ಪಷ್ಟವಾಗಿ ಕೇಳಿತು.

"ನೀಲಾ, ಅಳಬ್ಯಾಡ. ಎಷ್ಟು ದಿನಾ ಅಂತ ಒಳಗ ಸಿಕ್ಕೊಂಡು ಕುಂದ್ರತೀ. ಈ ಮಂದಿ ಕೈಲಿ ಆಗೂದಿಲ್ಲ. ನಾನ ಹೋಗಿ ಚಾವಿ ತರ್ತೀನಿ, ತಡಿ."

ಒಂದು ತಿಂಗಳಿಂದ ಅವನು ಹೆಂಡತಿಯೇ ಬೀಗದ ಒಳಗೆ ಸಿಕ್ಕಿಬಿದ್ದಿದ್ದಾಳೆ, ತಾನು ಹೊರಗಿದ್ದೇನೆ ಎಂದು ತಿಳಿದಿದ್ದ. ನೀಲವ್ವ, ಬ್ಯಾಡ, ಎಲ್ಲೂ ಹೋಗಬ್ಯಾಡ್ರಿ, ನಾ ಆರಾಮ ಅದೀನಿ ಎಂದಳು. ಎರಡು ಸಲ ಹೇಳಿದಳು. ಆಗಲೇ ಹೆಜ್ಜೆ ಕೇಳಿಸುತ್ತಿತ್ತು. ನಾನು ಕಿವಿಯಿಟ್ಟು ಎಣಿಸಿದೆ. ನಲವತ್ತೆರಡು ಹೆಜ್ಜೆ, ಒಂದೇ ದಿಕ್ಕಿಗೆ, ದೂರವಾಗುತ್ತ. ಮನೆ ಹನ್ನೊಂದು ಅಡಿ. ಆಮೇಲೆ ಗಡಿಯಾರ ಐದೂವರೆಯ ಗಂಟೆ ಹೊಡೆಯಿತು. ಅದು ನಿಂತಾಗ ಹೆಜ್ಜೆ ಇರಲಿಲ್ಲ.

ಅಂದು ರಾತ್ರಿಯ ಗಂಜಿ ಲಾಳಿಕೆಯಲ್ಲೇ ಉಳಿಯಿತು. ಮರುದಿನದ್ದೂ. ಮೂರನೆಯ ದಿನದಿಂದ ಆಕೆ ಗಂಜಿ ಮಾಡುವುದನ್ನು ಬಿಟ್ಟಳು. ಚಾವಿ ನೋಡುವುದನ್ನು ಬಿಡಲಿಲ್ಲ. ಅವರು ತಿರುಗಿ ಬಂದಾಗ ಬಾಗಿಲು ತೆರೆದಿರಬೇಕು ಎಂದಳು. ನಾನು ನಾಲ್ಕು ಕತ್ತರಿಸಿ ಒಯ್ಯುತ್ತಿದ್ದೆ, ನಾಲ್ಕು ಹಿಂತಿರುಗಿ ತರುತ್ತಿದ್ದೆ. ಅವು ಶನಿವಾರ ಕರಗಿ ಸೋಮವಾರ ಮತ್ತೆ ಬ್ಲ್ಯಾಂಕಾಗಿ ಬರುತ್ತಿದ್ದವು. ಅದೇ ಹಿತ್ತಾಳೆ. ಇಪ್ಪತ್ತೆರಡನೆಯ ವಾರ ಹುಲಿಗೆವ್ವನ ಬಾಗಿಲು ಮುಚ್ಚಿಹೋಯಿತು. ಈಗ ಆಕೆ ಗಡಿಯಾರದ ಕಂಬದ ಕೆಳಗೆ ಗೋಣಿ ಹಾಸಿಕೊಂಡು ಚುರಮುರಿ ಮಾರುತ್ತಾಳೆ. ನನ್ನನ್ನು ನೋಡಿದಾಗಲೆಲ್ಲ, ಮಷಿನ್ ಸ್ವಚ್ಛ ಐತೇನೋ ಎಂದು ಕೇಳುತ್ತಾಳೆ. ಐತಿ ಎನ್ನುತ್ತೇನೆ.

ಇನ್ನೂರಾ ಎಂಬತ್ತನೆಯ ದಿನ, ಆ ದಿನದ ಮೊದಲನೆಯ ಚಾವಿ, ನಂಬರು ಒಂದು ಸಾವಿರದ ನೂರಾ ಹದಿನೇಳು, ತಿರುಗಿತು.

ಬಾಗಿಲು ತೆರೆಯಿತು. ಮನೆ ಇತ್ತು. ಮಂಚ, ಒಲೆ, ಗೂಟಕ್ಕೆ ನೇತುಹಾಕಿದ ಅಂಗಿ, ಕೊಳವೆಯಿಂದ ತೊಟ್ಟಿಕ್ಕಿದ ಹಾಲು ಒಣಗಿ ಹೊಸ್ತಿಲ ಒಳಗೆ ಒಂದು ಬಿಳಿ ಕಲೆ. ಫಕೀರಪ್ಪ ಇರಲಿಲ್ಲ. ಹಿಂದಿನ ಗೋಡೆಗೆ ಬಾಗಿಲಿಲ್ಲ, ಮೊದಲೂ ಇರಲಿಲ್ಲ. ನಾನು ಟೇಪು ತರಿಸಿ ಅಳೆದೆ. ಹನ್ನೊಂದು ಅಡಿ. ನೀಲವ್ವ ಮಂಚದ ಕೆಳಗೆ ಬಗ್ಗಿ ನೋಡಿದಳು. ಎದ್ದು ನಿಂತು ಮತ್ತೊಮ್ಮೆ ಬಗ್ಗಿ ನೋಡಿದಳು.

ಇಪ್ಪತ್ತು ದಿನ ಆಕೆ ಬಾಗಿಲು ತೆರೆದಿಟ್ಟುಕೊಂಡು ಕಾದಳು. ಒಮ್ಮೆಯೂ ಹಾಕಲಿಲ್ಲ. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದು, ಚಾವಿಯನ್ನು ನನ್ನ ಮುಂದಿಟ್ಟಳು. ಆಕೆಗೆ ಏನು ಬೇಕೆಂದು ಮೊದಲು ನನಗೆ ಅರ್ಥವಾಗಲಿಲ್ಲ. ನಿಧಾನವಾಗಿ, ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದಳು. ತೆರೆದ ಮನೆ ಹನ್ನೊಂದು ಅಡಿ. ಅವರು ನಡೆದುಹೋದದ್ದು ಮುಚ್ಚಿದ ಮನೆಯಲ್ಲಿ. ಆದ್ದರಿಂದ ತಾನು ಒಳಗೆ ಹೋಗುತ್ತೇನೆ, ನಾನು ಹೊರಗಿನಿಂದ ಬೀಗ ಹಾಕಬೇಕು. ಆಮೇಲೆ ಆ ಚಾವಿಯನ್ನು ಅಂದು ಇದ್ದಂತೆ, ತಿರುಗದಂತೆ ಮಾಡಬೇಕು.

ಆಗುವುದಿಲ್ಲ ಎಂದೆ. ಮೂರು ಕಾರಣ ಕೊಟ್ಟೆ. ಆಕೆ ಮೂರನ್ನೂ ಕೇಳಿದಳು.

"ಅವ್ರು ಚಾವಿ ಹುಡಕ್ಕೋತ ಹೋಗ್ಯಾರ," ಎಂದಳು. "ಚಾವಿ ಸಿಕ್ಕೈತಿ ಅಂತ ಯಾರರ ಹೋಗಿ ಹೇಳಬೇಕಲ್ರಿ. ಇಲ್ಲಾಂದ್ರ ಅವ್ರು ಹುಡಕ್ಕೋತನ ಇರ್ತಾರ."

ನಂಬರು ಒಂದು ಸಾವಿರದ ನೂರಾ ಹದಿನೇಳರ ಎತ್ತರಗಳು ವಹಿಯಲ್ಲಿವೆ, ನಾನು ಯಾವ ದಿನ ಬೇಕಾದರೂ ಮತ್ತೆ ಕತ್ತರಿಸಿ ತೆಗೆಯಬಲ್ಲೆ ಎಂದು ಹೇಳಿದೆ. ಅದನ್ನು ಧೈರ್ಯಕ್ಕೆಂದು ಹೇಳಿದ್ದೆ. ಆಕೆ ಬೇಡವೆಂದು ತಲೆಯಾಡಿಸಿದಳು.

"ತೂತಿನ್ಯಾಗ ನಾ ಕರಿಯೂತನಕ ತಗೀಬ್ಯಾಡ್ರಿ. ನಡುವ ತಗದ್ರ ಹನ್ನೊಂದು ಅಡಿ ಅಷ್ಟ ಸಿಗತೈತಿ. ನಾವಿಬ್ರೂ ಇರೂದಿಲ್ಲ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಹಿಂದೆ ಆಕೆ ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿಗೆ, ಬೀಗ ಹಾಕಿದೆ. ಆಕೆ ಗಂಡನ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು, ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಬುತ್ತಿಯ ಗಂಟು. ಅಂಗಡಿಗೆ ಬಂದು, ಇನ್ನೂರಾ ಎಂಬತ್ತು ದಿನ ಪೆಟ್ಟಿಗೆಯಲ್ಲಿ ಮಾದರಿಯಾಗಿ ಉಳಿಸಿಕೊಂಡಿದ್ದ ಆಕೆಯ ಹಳೆಯ ಉರುಟು ಚಾವಿಯನ್ನು ಎಡ ವೈಸಿಗೆ ಕಟ್ಟಿದೆ. ಬಲಗಡೆ ಒಂದು ಸಾವಿರದ ನೂರಾ ಹದಿನೇಳು. ಎಡಗಡೆಯ ಬೇಗಡೆಯನ್ನು ಪೂರ್ತಿ ತೆಗೆದೆ. ಬ್ರಷ್ಷಿನಿಂದ ತಳ ಸ್ವಚ್ಛ ಮಾಡಿದೆ. ಮೋಟಾರು ಹಾಕಿ ಗಾಡಿಯನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ಸರಿಸಿದೆ. ಮುಳ್ಳು ಕಂಡದ್ದನ್ನೇ ಚಕ್ರ ಕೊಟ್ಟಿತು. ಬಿದ್ದ ಪುಡಿ ಒಂದು ಚಿಟಿಕೆಯೂ ಇರಲಿಲ್ಲ.

ಹಿಂತಿರುಗಿ ಹೋಗಿ ಚಾವಿ ಹಾಕಿ ನೋಡಿದೆ. ಸಲೀಸಾಗಿ ಒಳಗೆ ಹೋಯಿತು, ತಿರುಗಲಿಲ್ಲ. ಕಿಟಕಿಯಲ್ಲಿ ಹಿಂದಿನ ಓಣಿ ಕಂಡಿತು. ಕಿವಿಯಿಟ್ಟೆ. ನೀಲವ್ವ ಒಳಗಿನಿಂದ, ಆತೇನ್ರಿ ಎಂದು ಕೇಳಿದಳು. ಆಯಿತು ಎಂದೆ. ಹೆಜ್ಜೆ ಶುರುವಾಯಿತು. ನಲವತ್ತೆರಡಾದ ಮೇಲೂ ಕೇಳುತ್ತಿತ್ತು. ನೂರಾ ಹದಿನಾರರವರೆಗೆ ಎಣಿಸಿದೆ, ಆಮೇಲೆ ಎಣಿಸುವಷ್ಟು ಸ್ಪಷ್ಟವಾಗಿ ಕೇಳಲಿಲ್ಲ.

ಇಂದಿಗೆ ಅರವತ್ತೊಂದು ದಿನ. ಹುಲಿಗೆವ್ವನದೊಂದು ಬಿಟ್ಟರೆ ಊರಿನ ಚಾವಿಗಳೆಲ್ಲ ಈಗ ಸರಿಯಾಗಿ ತಿರುಗುತ್ತಿವೆ. ಎಡ ವೈಸಿನ ತಳದಲ್ಲಿ ನಾಲ್ಕು ಪದರು ಬೇಗಡೆ ಇದೆ, ಪಕ್ಕದಲ್ಲಿ ಅದು ಏಕೆ ಇದೆ ಎಂದು ಬರೆದ ಚೀಟಿ ಇದೆ. ವಾಯಿದೆಗೆ ಒಂದು ದಿನ ತಡವಾದರೂ ಬೈಯುತ್ತೇನೆ. ದಿನಾ ಸಂಜೆ ಐದಕ್ಕೆ ಹೋಗಿ ಆ ತೂತಿಗೆ ಕಿವಿಗೊಟ್ಟು, ಐದೂವರೆಯ ಗಂಟೆ ಹೊಡೆಯುವವರೆಗೆ ಕೂತು ಬರುತ್ತೇನೆ. ಗಂಟಿನಲ್ಲಿದ್ದ ರೊಟ್ಟಿಯನ್ನು ಅಂದು ನನ್ನ ಎದುರಿಗೇ ಎಣಿಸಿ ಕಟ್ಟಿದ್ದಳು. ಇಬ್ಬರಿಗೆ, ನಾಲ್ಕು ದಿನಕ್ಕೆ ಆಗುವಷ್ಟಿತ್ತು.